ಕುದುರೆ ಇದೆ, ಪಕ್ಕದಲ್ಲಿ ನಡೆಯುವವರು ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಒಂದು ಫೋಟೋ ಬಂದಿತ್ತು. ಕುದುರೆ ಮೇಲೆ ಕೂತ ಪುಟ್ಟ ಹುಡುಗ, ಅದರ ಕೆಳಗೆ ಸವಾರಿ ಮಾಡಿದರೆ ಅಂಗವೈಕಲ್ಯ ಮಾಯವಾಗುತ್ತದೆ ಅನ್ನೋ ಅರ್ಥದ ಎರಡು ಸಾಲು. ಫೋಟೋ ಚೆನ್ನಾಗಿತ್ತು, ಹುಡುಗನ ನಗು ಇನ್ನೂ ಚೆನ್ನಾಗಿತ್ತು. ಆದರೆ ಆ ಎರಡು ಸಾಲಿನ ದೆಸೆಯಿಂದ ಅವತ್ತು ಸಂಜೆಯೊಳಗೆ ನನ್ನ ಮಗಳಿಗೆ ಹನ್ನೊಂದು ಫೋನ್ ಬಂತು. ಎಲ್ಲ ನೆಂಟರೇ. "ಪೇಪರ್ ನೋಡಿದ್ಯಾ? ನಿನ್ನ ಮಗಳನ್ನೂ ಒಂದ್ಸಲ ಹತ್ತಿಸಬಾರದಾ?" ಅಂತ. ಹನ್ನೆರಡನೆಯದಕ್ಕೆ ಅವಳು ಫೋನ್ ಎತ್ತಲಿಲ್ಲ.

ಮಾಯ ಆಗಲ್ಲ ಸ್ವಾಮಿ. ನಾವು ಹತ್ತಿಸಿ ನೋಡಿದವರು, ಒಂದು ವರ್ಷಕ್ಕೂ ಜಾಸ್ತಿ ಹತ್ತಿಸಿದವರು, ಅದಕ್ಕೇ ಹೇಳ್ತಿದ್ದೇನೆ. ಹಾಗಂತ ಕುದುರೆ ಬೇಡ ಅನ್ನೋಕೂ ಈ ಪತ್ರ ಬರೆಯುತ್ತಿಲ್ಲ. ಬೇಕು ಅಂತಲೇ ಬರೆಯುತ್ತಿರುವುದು. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕುವಾಗ ಕರುಣೆ ಇರಲಿ.

ನನ್ನ ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗಲೇ ಮೆದುಳಿಗೆ ಆದ ಪೆಟ್ಟು, ಅದು ಹೋಗುವುದಿಲ್ಲ, ಬೆಳೆಯುವುದೂ ಇಲ್ಲ. ಬೆಳೆಯುವುದು ಮಗು. ಮೂಳೆ ಉದ್ದ ಆಗುತ್ತದೆ, ಬಿಗಿದುಕೊಂಡ ಸ್ನಾಯು ಅದರ ಜೊತೆ ಉದ್ದ ಆಗಲ್ಲ, ಹಾಗಾಗಿ ವರ್ಷ ಕಳೆದ ಹಾಗೆ ಕಷ್ಟ ಜಾಸ್ತಿ. ಅವಳ ಎರಡು ಕಾಲೂ ಕತ್ತರಿ ಹಾಗೆ ಒಂದರ ಮೇಲೊಂದು ಹೋಗುತ್ತವೆ. ಓಡಾಟ ವ್ಹೀಲ್‌ಚೇರ್‌ನಲ್ಲಿ. ಮಾತು ಬರುತ್ತದೆ, ನಿಧಾನ. ಬುದ್ಧಿ ನನಗಿಂತ ಚುರುಕು, ಇಸ್ಪೀಟಿನಲ್ಲಿ ನಾನು ಎಲೆ ಬಚ್ಚಿಟ್ಟರೆ ತಕ್ಷಣ ಹಿಡಿಯುತ್ತಾಳೆ.

ಮೂರು ವರ್ಷದ ಹಿಂದೆ ಮಗಳು ಅಳಿಯ ಬೆಂಗಳೂರಿನಲ್ಲಿದ್ದರು, ನಾವಿಬ್ಬರೂ ಅವರ ಜೊತೆಗಿದ್ದೆವು. ಅವಳನ್ನು ನೋಡುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ, ಊರ ಹೊರಗೆ ಕುದುರೆ ಲಾಯ ಇದೆ, ವಾರಕ್ಕೊಂದು ದಿನ ಅಲ್ಲಿ ಇಂಥ ಮಕ್ಕಳನ್ನು ಹತ್ತಿಸುತ್ತೇವೆ, ಬರ್ತೀರಾ ಅಂದರು. ನಾನು ಬೇಡವೇ ಬೇಡ ಅಂದೆ. ನೆಟ್ಟಗೆ ಕುರ್ಚಿ ಮೇಲೆ ಕೂರೋಕಾಗದ ಮಗುವನ್ನು ಕುದುರೆ ಮೇಲೆ ಕೂರಿಸುವುದಾ? ಆಯಮ್ಮ ನಕ್ಕು, ಮೊದಲು ಸೊಂಟದ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ, ಆಮೇಲೆ ಜಗಳ ಆಡೋಣ ಅಂದರು. ಕುದುರೆಗೂ ಎಕ್ಸ್‌ರೇಗೂ ಏನು ಸಂಬಂಧ, ದುಡ್ಡು ಕೀಳೋಕೆ ದಾರಿ ಅಂತ ಮನಸ್ಸಲ್ಲೇ ಬೈದುಕೊಂಡೆ. ಸಂಬಂಧ ಇದೆ ಅಂತ ಆಮೇಲೆ ತಿಳಿಯಿತು. ಇಂಥ ಮಕ್ಕಳಿಗೆ ತೊಡೆ ಮೂಳೆಯ ತಲೆ ಕೀಲಿನಿಂದ ಸರಿದಿರುವುದು ಉಂಟು. ನೋಡದೆ ಕಾಲು ಅಗಲಿಸಿ ಕೂರಿಸಿದರೆ ಇದ್ದದ್ದೂ ಹಾಳು. ಡೌನ್ ಸಿಂಡ್ರೋಮ್ ಇರುವ ಮಕ್ಕಳಾದರೆ ಕುತ್ತಿಗೆಯದ್ದು ನೋಡಬೇಕು, ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಜೋಡಣೆ ಸಡಿಲ ಇರುತ್ತದೆ. ಫಿಟ್ಸ್ ಹತೋಟಿಗೆ ಬಂದಿಲ್ಲದವರನ್ನು ಹತ್ತಿಸುವ ಹಾಗೇ ಇಲ್ಲ.

ಮೊದಲ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಸಿಮೆಂಟಿನ ಇಳಿಜಾರು ಕಟ್ಟೆ. ವ್ಹೀಲ್‌ಚೇರ್ ಅದರ ಮೇಲೆ ತಳ್ಳಿಕೊಂಡು ಹೋದರೆ ಕುದುರೆ ಬೆನ್ನಿನ ಎತ್ತರಕ್ಕೆ ಸರಿಯಾಗಿ ನಿಲ್ಲುತ್ತೇವೆ. ಪಕ್ಕಕ್ಕೆ ಕುದುರೆ ಬಂತು. ಬೂದು ಬಣ್ಣದ ಹೆಣ್ಣು ಕುದುರೆ, ಹೆಸರು ಗೌರಿ, ಹದಿನೈದು ವರ್ಷ ದಾಟಿದ ಮುದುಕಿ. ಹೆಚ್ಚು ಎತ್ತರ ಇಲ್ಲ. ಎತ್ತರ ಇದ್ದರೆ ಪಕ್ಕದಲ್ಲಿ ನಡೆಯುವವರ ಕೈ ಮಗುವಿಗೆ ಎಟುಕಲ್ಲ, ಅದಕ್ಕೇ ಆರಿಸಿ ಇಟ್ಟಿದ್ದರು. ಬೆನ್ನ ಮೇಲೆ ಜೀನು ಇರಲಿಲ್ಲ, ದಪ್ಪ ಗಾದಿ, ಹಿಡಿಯೋಕೆ ಒಂದು ಹಿಡಿ, ಅಷ್ಟೆ. ಜೀನು ಇದ್ದರೆ ಕುದುರೆಯ ಮೈ ಬಿಸಿ ಮಗುವಿಗೆ ತಾಗುವುದಿಲ್ಲ. ಕುದುರೆ ಮೈ ನಮ್ಮದಕ್ಕಿಂತ ಸುಮಾರು ಒಂದು ಡಿಗ್ರಿ ಬೆಚ್ಚಗೆ. ಆ ಕಾವು ಬಿಗಿದ ಸ್ನಾಯುವಿಗೆ ಬಿಸಿನೀರಿನ ಚೀಲ ಇಟ್ಟ ಹಾಗೆ.

ಕಾಲು ಬಿಡಿಸಿಕೊಳ್ಳಲಿಲ್ಲ. ಹತ್ತು ನಿಮಿಷ ಪಟ್ಟಾಗಿ ಕೂತಿದ್ದವು ಎರಡೂ. ಎಳೆಯಬೇಡಿ ಅಂದರು ಆಯಮ್ಮ. ಮಗುವನ್ನು ಅಡ್ಡಡ್ಡ, ಹಿಂದೆ ಹೆಂಗಸರು ಸ್ಕೂಟರ್ ಮೇಲೆ ಕೂರುತ್ತಿದ್ದ ಹಾಗೆ ಕೂರಿಸಿ, ಸುಮ್ನೆ ಬಿಟ್ಟರು. ಗೌರಿ ಉಸಿರಾಡುತ್ತಾ ನಿಂತಿತ್ತು. ಸ್ವಲ್ಪ ಹೊತ್ತಿಗೆ ಒಂದು ಕಾಲು ತಾನಾಗಿ ಸಡಿಲ ಆಯಿತು, ಅದನ್ನು ಮೆಲ್ಲಗೆ ಆ ಕಡೆ ಹಾಕಿದರು. ಮುಂದೆ ಲಗಾಮು ಹಿಡಿದು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಎರಡು ಪಕ್ಕ ಇಬ್ಬರು, ಒಂದೊಂದು ಕೈ ಮಗುವಿನ ತೊಡೆ ಮೇಲೆ. ಅಂಗಳದಲ್ಲಿ ಮೂರು ಸುತ್ತು, ಬರೀ ನಡಿಗೆ. ಇಳಿಸಿದರು, ಮನೆಗೆ ಬಂದೆವು.

ಅವತ್ತು ರಾತ್ರಿ ಆದದ್ದು ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಗುವಿಗೆ ಪೈಜಾಮ ಹಾಕೋದು ಇಬ್ಬರ ಕೆಲಸ. ಒಬ್ಬರು ಕಾಲು ಅಗಲಿಸಿ ಹಿಡಿಯಬೇಕು, ಇನ್ನೊಬ್ಬರು ಹಾಕಬೇಕು, ಮಗು ಅಳುತ್ತದೆ. ದಿನಾ ಒಂಬತ್ತು ಗಂಟೆಗೆ ನನ್ನ ಮಗಳು ಅಡುಗೆಮನೆ ಕಡೆ ತಿರುಗಿ "ಅಮ್ಮಾ ಬಾ" ಅನ್ನೋದು ವಾಡಿಕೆ. ಅವತ್ತು ಕರೆಯಲಿಲ್ಲ. ನನ್ನ ಹೆಂಡತಿ ಕಾದು ಕಾದು ಕೈ ಒರೆಸಿಕೊಂಡು ಹೋಗಿ ನೋಡಿದರೆ ಪೈಜಾಮ ಹಾಕಿ ಆಗಿತ್ತು.

ಬೆಳಗ್ಗೆ ಮತ್ತೆ ಬಿಗಿ. ಅದನ್ನೂ ಹೇಳಲೇಬೇಕು. ಒಂದು ರಾತ್ರಿಯ ಸುಖ ಅದು. ತಿಂಗಳುಗಟ್ಟಲೆ ಹೋದ ಮೇಲೆ ಒಂದು ರಾತ್ರಿ ಎರಡು ದಿನ ಆಯಿತು, ಕೂತಾಗ ಬೆನ್ನು ಮೊದಲಿಗಿಂತ ನೆಟ್ಟಗಾಯಿತು, ಊಟದ ಹೊತ್ತಿಗೆ ತಲೆ ಒಂದು ಕಡೆ ಬೀಳುವುದು ಕಡಿಮೆ ಆಯಿತು. ಜೊತೆಗೆ ದಿನಾ ಮನೆಯಲ್ಲಿ ಫಿಸಿಯೋಥೆರಪಿಯೂ ನಡೆಯುತ್ತಿತ್ತು, ಯಾವುದರಿಂದ ಎಷ್ಟು ಅಂತ ತಕ್ಕಡಿ ಹಿಡಿದು ಹೇಳೋ ಶಕ್ತಿ ನನಗಿಲ್ಲ.

ಆದರೆ ಹೇಗೆ ಅನ್ನೋದು ಕೇಳಿ, ಅದು ಸೊಗಸಾಗಿದೆ. ಕುದುರೆ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಆಚೆ ಈಚೆ, ಮೇಲೆ ಕೆಳಗೆ ಹೋಗುತ್ತದೆ, ಸ್ವಲ್ಪ ತಿರುಗುತ್ತದೆ ಕೂಡ. ಮೇಲೆ ಕೂತವರ ಸೊಂಟವನ್ನು ಅದು ಅಲ್ಲಾಡಿಸುವ ರೀತಿ, ನಾವು ನೀವು ನಡೆಯುವಾಗ ನಮ್ಮ ಸೊಂಟ ಅಲ್ಲಾಡುವ ರೀತಿ, ಎರಡೂ ಹೆಚ್ಚು ಕಡಿಮೆ ಒಂದೇ. ಹುಟ್ಟಿದಾಗಿನಿಂದ ಒಂದು ಹೆಜ್ಜೆ ಇಡದ ಮಗುವಿನ ಸೊಂಟಕ್ಕೆ ನಡೆಯೋದು ಅಂದರೆ ಹೇಗಿರುತ್ತೆ ಅಂತ ಗೊತ್ತಾಗುವುದು ಅಲ್ಲೇ. ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಹಿಡಿಯಿರಿ, ಇಪ್ಪತ್ತು ನಿಮಿಷಕ್ಕೆ ಎರಡು ಸಾವಿರ ಸಲ ಆ ಮೈ ವಾಲಿ, ಸರಿಮಾಡಿಕೊಂಡು, ಮತ್ತೆ ವಾಲುತ್ತದೆ. ಯಾವ ಫಿಸಿಯೋಥೆರಪಿಸ್ಟ್ ಕೈಯಲ್ಲೂ ಆಗದ ಕೆಲಸ.

ಸುಮ್ನೆ ಕಾಲು ಅಗಲಿಸಿ ಎಲ್ಲಾದರೂ ಕೂರಿಸಿದರೆ ಸಾಲದಾ ಅಂತ ನನ್ನ ಅಳಿಯ ಕೇಳಿದ್ದ, ಎಂಜಿನಿಯರ್ ಅಲ್ವಾ. ಅಮೆರಿಕದವರು ಅದನ್ನೇ ಪರೀಕ್ಷೆ ಮಾಡಿದ್ದಾರಂತೆ, 2003ರಲ್ಲಿ ಅಚ್ಚಾಯಿತು. ಸೆರೆಬ್ರಲ್ ಪಾಲ್ಸಿ ಇದ್ದ 15 ಮಕ್ಕಳು. ಕೆಲವರನ್ನು ಎಂಟು ನಿಮಿಷ ಕುದುರೆ ಮೇಲೆ, ಉಳಿದವರನ್ನು ಅಷ್ಟೇ ಹೊತ್ತು ಪೀಪಾಯಿ ಮೇಲೆ ಕೂರಿಸಿದರು. ಕುದುರೆ ಮೇಲೆ ಕೂತವರ ಎಡ ಬಲ ಸ್ನಾಯುಗಳ ಕೆಲಸ ಮೊದಲಿಗಿಂತ ಸಮ ಆಯಿತು, ಪೀಪಾಯಿಯವರದ್ದು ಆಗಲಿಲ್ಲ. ಬರೀ ಹದಿನೈದು ಮಕ್ಕಳು, ಎಂಟೇ ನಿಮಿಷ, ಅಷ್ಟರಿಂದ ಜಗತ್ತು ಗೆದ್ದ ಹಾಗೆ ಮಾತಾಡೋಕಾಗಲ್ಲ ನಿಜ. ಆಟಿಸಂ ಮಕ್ಕಳ ಮೇಲೆ 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಸ್ವಲ್ಪ ದೊಡ್ಡದು, 127 ಮಕ್ಕಳು, ಹತ್ತು ವಾರ. ಅದರಲ್ಲಿ ಒಂದು ಗುಂಪಿಗೆ ಸವಾರಿ, ಇನ್ನೊಂದಕ್ಕೆ ಕುದುರೆ ಬಗ್ಗೆ ಪಾಠ ಮಾತ್ರ, ಮುಟ್ಟೋ ಹಾಗಿಲ್ಲ. ಸವಾರಿ ಮಾಡಿದವರಲ್ಲಿ ಸಿಡುಕು ಕಡಿಮೆ ಆಗಿ ಮಾತು ಜಾಸ್ತಿ ಆಯಿತು. ಮಾಯ ಆಯಿತು ಅಂತ ಅವರೂ ಬರೆದಿಲ್ಲ.

ಈಗ ಒಂದು ಸಣ್ಣ ಸಂಗತಿ. ಆ ಲಾಯದಲ್ಲಿ ಒಂದು ನಿಯಮ ಇತ್ತು. ಮಗು ಹೇಳದೆ ಕುದುರೆ ಹೊರಡುವ ಹಾಗಿಲ್ಲ. ನಮ್ಮ ಪುಟ್ಟಿಗೆ ಹೇಳೋಕೆ ಕೊಟ್ಟಿದ್ದ ಮಾತು "ನಡಿ". ಅವಳಿಗೆ ನ ಅನ್ನೋಕೆ ನಾಲಗೆ ಮೇಲಕ್ಕೆ ಹೋಗಬೇಕಲ್ಲ, ಅದು ಹೋಗಲ್ಲ ಬೇಗ. ನಾಲ್ಕನೇ ವಾರ ನಾನೂ ಪಕ್ಕದಲ್ಲಿ ನಡೆಯೋಕೆ ನಿಂತಿದ್ದೆ, ಕಲಿಸಿ ಕೊಟ್ಟಿದ್ದರು. ಪುಟ್ಟಿ ಬಾಯಿ ತೆರೆದಳು. ಬರಲಿಲ್ಲ. ಕತ್ತು ಹಿಂದಕ್ಕೆ ಎಳೆಯಿತು, ಮುಷ್ಟಿ ಬಿಗಿಯಿತು. ಮನೆಯಲ್ಲಾದರೆ ಇಷ್ಟು ಹೊತ್ತಿಗೆ ನಾವು ಮೂವರೂ ಅವಳ ಮಾತು ಮುಗಿಸಿ ಕೊಟ್ಟಿರುತ್ತೇವೆ. ನನ್ನ ಬಾಯಿ ತುದಿಗೆ ಬಂದಿತ್ತು "ನಡಿ" ಅಂತ. ಆಯಮ್ಮ ನನ್ನ ಕಡೆ ಒಂದು ನೋಟ ನೋಡಿದರು, ನುಂಗಿಕೊಂಡೆ. ಸೈಸ್ ನೆಲ ನೋಡುತ್ತಾ ನಿಂತಿದ್ದ. ಗೌರಿ ಒಂದು ಕಿವಿ ಹಿಂದಕ್ಕೆ ತಿರುಗಿಸಿತು, ಮಗುವಿನ ಕಡೆಗೆ. ಎಷ್ಟು ಹೊತ್ತಾಯಿತೋ ಏನೋ. ಆಮೇಲೆ "ನ್... ಡಿ" ಅಂತ ಬಂತು, ಕುದುರೆ ಹೊರಟಿತು. ಐನೂರು ಕಿಲೋ ತೂಗೋ ಪ್ರಾಣಿ ತನ್ನ ಒಂದು ಮಾತಿಗೆ ಹೊರಟಿದ್ದು ನೋಡಿ ಅವಳು ನಕ್ಕ ನಗು ಇದೆಯಲ್ಲ, ನಿಮ್ಮ ಫೋಟೋದಲ್ಲಿದ್ದದ್ದು ಅದೇ ನಗು. ಅದನ್ನು ಬರೆಯಬೇಕಿತ್ತು ನೀವು.

ಅಳಿಯನಿಗೆ ಮೈಸೂರಿಗೆ ವರ್ಗ ಆಯಿತು. ನಮಗೆ ಖುಷಿಯೇ, ನಮ್ಮೂರು. ಆದರೆ ಗೌರಿ ತಪ್ಪಿಹೋಯಿತು. ಇಲ್ಲಿ ನಾನು ವಿಚಾರಿಸಿದ ಮೂರು ಕಡೆಯೂ ಆಗಲ್ಲ ಅಂದರು. ನಾಲ್ಕನೆಯದು ಊರ ಹೊರಗಿನ ಒಂದು ರೆಸಾರ್ಟ್, ಹೆಸರು ಬೇಡ. "ಥೆರಪಿ ರೈಡಿಂಗ್" ಅಂತ ಬೋರ್ಡೇ ಹಾಕಿದ್ದರು, ಹೋದೆವು. ಎಕ್ಸ್‌ರೇ ಕೇಳಲಿಲ್ಲ, ಏನು ತೊಂದರೆ ಅಂತಲೂ ಕೇಳಲಿಲ್ಲ. ಹೆಲ್ಮೆಟ್ ಇಲ್ಲ. ಕಟ್ಟೆ ಇಲ್ಲ. ಒಬ್ಬ ಹುಡುಗ ಬಂದು ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಿ, ಜೀನಿನ ಮೇಲೆ ಕುಕ್ಕಿದ. ಬೀಚಿನಲ್ಲಿ ಹತ್ತಿಸ್ತಾರಲ್ಲ, ಹಾಗೆ. ಮಗು ಕಿರುಚಿದಳು, ಕುದುರೆ ಪಕ್ಕಕ್ಕೆ ಹಾರಿತು, ನಾನು ಹಿಡಿದುಕೊಂಡದ್ದಕ್ಕೆ ಬಚಾವ್. ಎಲ್ಲ ಎರಡು ನಿಮಿಷದೊಳಗೆ. ಆ ಹುಡುಗ ಕೇಳಿದ ಒಂದೇ ಪ್ರಶ್ನೆ, "ಸಾರ್ ಫೋಟೋ ಬೇಕಾ, ಎಕ್ಸ್‌ಟ್ರಾ ಆಗುತ್ತೆ."

ಹುಡುಗನ ತಪ್ಪಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಮಾಯ ಆಗುತ್ತೆ ಅಂತ ಪೇಪರ್‌ನಲ್ಲಿ ಬಂದರೆ ಇಂಥ ಬೋರ್ಡುಗಳು ಇನ್ನೂ ಹತ್ತು ಏಳುತ್ತವೆ. ಅದೇ ನನ್ನ ಭಯ.

ಮೈಸೂರಿನವರಿಗೆ ಕುದುರೆ ಏನು ಹೊಸದಾ? ಜಟಕಾ ಗಾಡಿ ಇನ್ನೂ ಓಡುತ್ತಿರುವ ಊರು. ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಕೋರ್ಸ್ ಇದೆ. ಪೊಲೀಸ್ ಅಶ್ವದಳ ಇದೆ, ದಸರಾ ಮೆರವಣಿಗೆಯಲ್ಲಿ ಅವರ ಕುದುರೆ ನೋಡದ ಮಗು ಇಲ್ಲ, ಬೇಸಿಗೆ ಶಿಬಿರ ಮಾಡಿ ಊರಿನ ಮಕ್ಕಳಿಗೆ ಸವಾರಿ ಕಲಿಸಿದವರೂ ಅವರೇ. ದಸರಾಗೆ ಮುಂಚೆ ಕುಶಾಲತೋಪು ಹಾರಿಸಿ ಆನೆ ಕುದುರೆಗಳಿಗೆ ತಾಲೀಮು ಕೊಡುತ್ತಾರಲ್ಲ, ಆ ಫಿರಂಗಿ ಸದ್ದಿಗೆ ಜಗ್ಗದೆ ನಿಲ್ಲುವ ಕುದುರೆಗಳಲ್ಲಿ ಒಂದು ಎರಡು, ವಯಸ್ಸಾದವು, ಸ್ವಭಾವ ತಣ್ಣಗಿರುವವು, ಈ ಕೆಲಸಕ್ಕೆ ಸಿಗಲ್ವಾ? ಪಶುವೈದ್ಯರು, ತಿಳಿದವರು ಕೂತು ಆರಿಸಲಿ. ರೇಸಿನಿಂದ ನಿವೃತ್ತಿ ಆದ ಕುದುರೆ ಕೊಡ್ತೀವಿ ಅಂತ ಯಾರಾದರೂ ಮುಂದೆ ಬಂದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಓಡೋಕೇ ಹುಟ್ಟಿ ಓಡೋದನ್ನೇ ಕಲಿತ ಜೀವ ಅದು, ತಿಂಗಳುಗಟ್ಟಲೆ ಹೊಸದಾಗಿ ಕಲಿಸಬೇಕು, ಕಲಿಸಿದರೂ ಎಲ್ಲವೂ ಒಗ್ಗಲ್ಲ.

ಕುದುರೆ ಸಿಗುತ್ತದೆ ಅನ್ನೋದು ನನ್ನ ನಂಬಿಕೆ. ಸಿಗದೆ ಇರೋದು ಮನುಷ್ಯರು. ಒಂದು ಮಗು ಹತ್ತಬೇಕಾದರೆ ಲಗಾಮು ಹಿಡಿಯೋಕೆ ಒಬ್ಬ, ಎರಡು ಪಕ್ಕಕ್ಕೆ ಇಬ್ಬರು, ನೋಡಿಕೊಳ್ಳೋಕೆ ಒಬ್ಬ ಫಿಸಿಯೋಥೆರಪಿಸ್ಟ್. ನಾಲ್ಕು ಜನ, ಇಪ್ಪತ್ತು ನಿಮಿಷ, ಒಂದೇ ಮಗು. ಬೆಂಗಳೂರಿನಲ್ಲೂ ನಾವು ಮಗುವನ್ನು ಹತ್ತಿಸದೆ ವಾಪಸ್ ಬಂದ ದಿನಗಳಲ್ಲಿ ಗೌರಿ ಲಾಯದಲ್ಲಿ ಹುಲ್ಲು ತಿನ್ನುತ್ತಾ ನಿಂತೇ ಇರುತ್ತಿತ್ತು, ಪಕ್ಕದಲ್ಲಿ ನಡೆಯೋಕೆ ಜನ ಬಂದಿರುತ್ತಿರಲಿಲ್ಲ. ಮೈಸೂರಿನಲ್ಲಿ ಕಾಲೇಜುಗಳಿಗೇನು ಬರವೇ? ಎನ್‌ಎಸ್‌ಎಸ್ ಹುಡುಗರು ವರ್ಷಾ ವರ್ಷ ಅದೇ ರಸ್ತೆ ಗುಡಿಸಿ ಅದೇ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಲ್ಲಿ ಹತ್ತು ಜನ ಭಾನುವಾರ ಬೆಳಗ್ಗೆ ಎರಡು ಗಂಟೆ ಬರಲಿ. ಫಿಸಿಯೋಥೆರಪಿ ಓದುವ ಮಕ್ಕಳಿಗೆ ಇದನ್ನೂ ಕಲಿಕೆ ಅಂತ ಲೆಕ್ಕ ಹಿಡಿಯಲಿ. ಹೇಳಿಕೊಡೋಕೆ ಎರಡು ದಿನ ಸಾಕು. ನಡೆಯುವಾಗ ಫೋನ್ ಮುಟ್ಟಬಾರದು, ಕುದುರೆ ಹಿಂದೆ ನಿಲ್ಲಬಾರದು, ಮಗುವಿನ ಮಾತನ್ನು ನಾವು ಮುಗಿಸಬಾರದು. ಕೊನೆಯದು ಕಲಿಯೋಕೆ ನನಗೆ ಒಂದು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ಬೈಯ್ಯೋರು ಇರುತ್ತಾರೆ. ಬಸ್ ಹತ್ತೋಕೆ ಆಗಲ್ಲ, ತಾಲ್ಲೂಕು ಕಚೇರಿಗೆ ಹೋದರೆ ರ‍್ಯಾಂಪ್ ಮೇಲೆ ಬೈಕ್ ನಿಲ್ಲಿಸಿರುತ್ತಾರೆ, ಇನ್ನು ಕುದುರೆಯಂತೆ. ಒಪ್ಪಿದೆ, ಬೈಕನ್ನೂ ತೆಗೆಯಲಿ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕ್ರೀಡೆಗೆ ಅಂತಲೇ ಒಂದು ಕಲಂ ಇದೆ, ಮೂವತ್ತನೆಯದು. ಆಟ ಅನ್ನೋದು ಹೊಟ್ಟೆ ತುಂಬಿದ ಮೇಲಿನ ಮಾತು ಅಂತ ಕಾಯ್ದೆ ಅಂದುಕೊಂಡಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅನ್ನೋ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಫಿಸಿಯೋಥೆರಪಿಸ್ಟ್ ಕಣ್ಣೆದುರು ನಡೆಯುವ ಸವಾರಿಯನ್ನೂ ಅದರಲ್ಲಿ ಹೆಸರು ಹಿಡಿದು ಬರೆದರೆ, ಕೂಲಿ ಮಾಡಿ ಮಗು ಸಾಕುವ ತಾಯಿಯೂ ಬರಬಹುದು. ಈಗ ಇದು ಕಾರು ಇರುವವರ ಮಕ್ಕಳಿಗೆ ಮಾತ್ರ ಆಗಿದೆ, ನಮ್ಮ ಮನೆಯದೂ ಸೇರಿಸಿಯೇ ಹೇಳ್ತಿದ್ದೇನೆ.

ಒಂದು ದಿನ ಪುಟ್ಟಿ ಕೇಳಿದಳು, ತಾತ, ಕಾಲು ಬರದೆ ಇದ್ದವರು ನಿಜವಾಗಲೂ ಕುದುರೆ ಓಡಿಸ್ತಾರಾ ಅಂತ. ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಕಥೆ ಹೇಳಿದೆ. 1944ರಲ್ಲಿ, ಹೊಟ್ಟೆಯಲ್ಲಿ ಮಗು ಇದ್ದಾಗ ಆಕೆಗೆ ಪೋಲಿಯೊ ಬಂತು. ಮಗು ಚೆನ್ನಾಗಿ ಹುಟ್ಟಿತು, ಆದರೆ ಆಕೆಯ ಮೊಣಕಾಲಿನ ಕೆಳಗೆ ಶಕ್ತಿ ಬರಲಿಲ್ಲ. ಎಂಟು ವರ್ಷದ ಮೇಲೆ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಜುಬಿಲಿ ಅನ್ನೋ ಕುದುರೆ ಮೇಲೆ ಡ್ರೆಸಾಜ್ ಸ್ಪರ್ಧೆಯಲ್ಲಿ, ಅಂದರೆ ಸವಾರ ಹೇಳಿದ ಹಾಗೆ ಕುದುರೆ ಲೆಕ್ಕ ಹಿಡಿದು ಹೆಜ್ಜೆ ಹಾಕುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ಅದಕ್ಕೂ ಮುಂಚೆ ಆ ಸ್ಪರ್ಧೆಯಲ್ಲಿ ಹೆಂಗಸರಿಗೆ ಅವಕಾಶವೇ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಇನ್ನೊಂದು ಬೆಳ್ಳಿ. ಕುದುರೆ ಹತ್ತಿಸೋಕೂ ಇಳಿಸೋಕೂ ಆಕೆಗೆ ಜನ ಬೇಕಿತ್ತು, ಹೆಲ್ಸಿಂಕಿಯಲ್ಲಿ ಪದಕದ ಕಟ್ಟೆ ಹತ್ತೋಕೆ ಚಿನ್ನ ಗೆದ್ದ ಸ್ವೀಡನ್ನಿನ ಸಾಂ ಸೀರ್ ಅವರೇ ಆಸರೆ ಕೊಟ್ಟರು. ಯುರೋಪಿನಲ್ಲಿ ಅಂಗವಿಕಲರಿಗೆ ಸವಾರಿ ಅನ್ನೋ ವಿಚಾರಕ್ಕೆ ಆಮೇಲೆ ಜೀವ ಬಂತು. ಬ್ರಿಟನ್ನಿನಲ್ಲಿ 1969ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು, ಈಗಲೂ ಅದು ಬಹುಪಾಲು ನಡೆಯುವುದು ಸ್ವಯಂಸೇವಕರಿಂದ. 1996ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿ ಇದೆ. ಅದರಲ್ಲಿ ಅತಿ ಹೆಚ್ಚು ವೈಕಲ್ಯ ಇರುವವರ ವಿಭಾಗದಲ್ಲಿ ಕುದುರೆ ಓಡುವುದೇ ಇಲ್ಲ, ಬರೀ ನಡಿಗೆ. ಇದನ್ನು ಕೇಳಿ ಪುಟ್ಟಿಗೆ ಭಾರೀ ಸಮಾಧಾನ. "ನಂಗೆ ನಡಿಗೆ ಬರತ್ತೆ" ಅಂದಳು.

ನಮ್ಮ ವಿಕಲಚೇತನರ ಇಲಾಖೆಯವರು, ಅಶ್ವದಳದವರು, ರೇಸ್ ಕ್ಲಬ್‌ನವರು ಯಾರಾದರೂ ಇದನ್ನು ಓದಿದರೆ ಒಂದು ಸಣ್ಣ ಪ್ರಯತ್ನ ಮಾಡಿ ನೋಡಲಿ. ಎರಡು ಕುದುರೆ, ಒಂದು ಇಳಿಜಾರು ಕಟ್ಟೆ, ಆರು ಹೆಲ್ಮೆಟ್, ಭಾನುವಾರದ ಎರಡು ಗಂಟೆ. ಆರು ಮಕ್ಕಳಿಂದ ಶುರು ಆಗಲಿ. ಕುದುರೆಗೂ ದಣಿವು ಬೇಸರ ಎಲ್ಲ ಇದೆ, ಅದಕ್ಕಿಂತ ಜಾಸ್ತಿ ಮಕ್ಕಳನ್ನು ಮೊದಲೇ ತುರುಕಬೇಡಿ. ಉದ್ಘಾಟನೆಗೆ ಶಾಮಿಯಾನ ಬೇಡ, ಪಟಾಕಿಯಂತೂ ಬೇಡವೇ ಬೇಡ.

ಪಕ್ಕದಲ್ಲಿ ನಡೆಯೋಕೆ ನನ್ನ ಹೆಸರು ಮೊದಲು ಬರೆದುಕೊಳ್ಳಿ. ವಯಸ್ಸು ಅರವತ್ತೇಳು, ಮೂವತ್ತೊಂದು ವರ್ಷ ಈ ಊರಿನ ಬೀದಿಗಳಲ್ಲಿ ಕಾಗದ ಹಂಚಿದ ಕಾಲು, ಇನ್ನೂ ಗಟ್ಟಿ ಇದೆ. ಆದಷ್ಟು ಕುದುರೆಯ ಬಲಗಡೆ ಕೊಡಿ. ನನಗೆ ಬಲಗಿವಿ ಸ್ವಲ್ಪ ಮಂದ, ಆ ಕಡೆ ನಿಂತರೆ ಮಗು ಹೇಳಿದ್ದು ಎಡಗಿವಿಗೆ ಸರಿಯಾಗಿ ಬೀಳುತ್ತದೆ.

ಇಂತಿ,
ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ಮೈಸೂರು